ಮಾನ್ಯಖೇಟಕ್ಕೆ ದಾರಿ ತೋರಿದವನು

ಈ ಸ್ಮರಣ ಸಂಪುಟದ ಸಂಪಾದಕ ಮಂಡಳಿಯವರು ನನ್ನಿಂದ ಲೇಖನವೊಂದನ್ನು ಅಪೇಕ್ಷಿಸಿದಾಗ, ವಾಡಿಕೆಯಂತೆ ಛಂದಸ್ಸನ್ನೋ ಅಲಂಕಾರವನ್ನೋ ಕುರಿತು ನಾಲ್ಕು ಪುಟ ಬರೆದು ಋಣಮುಕ್ತನಾಗುವುದು ಸುಲಭವಾಗಿತ್ತು. ಹಿಂದಿನ ಸಂಚಿಕೆಗಳಲ್ಲಿ ಅದನ್ನೇ ಮಾಡಿದ್ದೇನೆ. ಅವುಗಳನ್ನು ಅಕ್ಷರ ಜೋಡಿಸಿದವರ ಹೊರತು ಎಷ್ಟು ಮಂದಿ ಓದಿದರೋ ಅರಿಯೆ. ಈ ಸಲ ನನಗೆ ಲಜ್ಜೆಯನ್ನುಂಟುಮಾಡಿದ ಒಂದು ಸಂಗತಿಯನ್ನು ಹೇಳಿ, ಅದರಿಂದ ನನ್ನಲ್ಲಿ ಮೂಡಿದ ಒಂದು ಅಭಿಪ್ರಾಯವನ್ನು ಶಿಕ್ಷಕ ಬಂಧುಗಳ, ಹಳೆಯ ವಿದ್ಯಾರ್ಥಿಗಳ ಹಾಗೂ ಉದಾರ ದಾನಿಗಳ ಮುಂದೆ ಇಡಬೇಕೆಂದಿದ್ದೇನೆ.

ನಮ್ಮ ಶಾಲೆಯಲ್ಲಿ ಓದಿ ಪರದೇಶದಲ್ಲಿ ಎಂಜಿನಿಯರಾಗಿರುವ ಸಜ್ಜನರೊಬ್ಬರು ಕಳೆದ ವರ್ಷ ಊರಿಗೆ ಬಂದಿದ್ದರು. ಪ್ರಯೋಗಾಲಯಕ್ಕೆ ಅವರು ಮಾಡಿದ ಸಹಾಯವನ್ನು ಬಲ್ಲವರೆಲ್ಲ ಬಲ್ಲರು. ಹೆಸರು ಬೇಡವೆಂಬುದು ಅವರ ಅಪ್ಪಣೆ. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿರುವ ಮಾಚು ಪಿಚು ಎಂಬ ಬೆಟ್ಟದ ಮೇಲಿನ ಹಾಳುಪಟ್ಟಣವನ್ನು ಅವರು ಸಕುಟುಂಬರಾಗಿ ನೋಡಿ ಬಂದಿದ್ದರು. ಸಮುದ್ರಮಟ್ಟದಿಂದ ಸುಮಾರು 2,430 ಮೀಟರ್ ಎತ್ತರದಲ್ಲಿ, ಹದಿನೈದನೆಯ ಶತಮಾನದಲ್ಲಿ ಇಂಕಾ ಅರಸರು ಕಟ್ಟಿಸಿದ ನಗರವದು. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿದ ಗೋಡೆಗಳ ಚಿತ್ರಗಳನ್ನು ಒಂದೊಂದಾಗಿ ತೋರಿಸಿದರು. ಅವರು ಹೆಚ್ಚು ಮಾತಾಡಿದ್ದು ಮಾತ್ರ ಆ ಕಲ್ಲುಗಳ ವಿಷಯವಾಗಿ ಅಲ್ಲ. ತಮ್ಮ ಕುಟುಂಬಕ್ಕೆಂದೇ ಗೊತ್ತುಮಾಡಿಕೊಂಡಿದ್ದ ಮಾರ್ಗದರ್ಶಕನೊಬ್ಬ, ಆ ಸೀಮೆಯ ರೈತನ ಮಗ, ಇಡೀ ದಿನ ಜೊತೆಯಲ್ಲಿದ್ದು ಯಾವ ಕಲ್ಲು ಯಾವ ದಿಕ್ಕನ್ನು ನೋಡುತ್ತಿದೆ, ಮಳೆಯ ನೀರು ಎಲ್ಲಿಂದ ಹರಿದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ತೋರಿಸಿಕೊಟ್ಟನಂತೆ. ಅವನಿಲ್ಲದಿದ್ದರೆ ಕಲ್ಲಿನ ರಾಶಿಯನ್ನು ಕಂಡು ಹಿಂದಿರುಗುತ್ತಿದ್ದೆವು ಎಂದರು. ಎಂದವರು ಒಡನೆಯೇ ನನ್ನತ್ತ ತಿರುಗಿ, "ಗುರುಗಳೇ, ನೀವು ನಮಗೆ ಮಾನ್ಯಖೇಟದ ಪಾಠ ಹೇಳಿದಿರಿ. ಅದು ಇರುವುದು ಎಲ್ಲಿ? ನಾಳೆ ಮಕ್ಕಳನ್ನು ಕರೆದುಕೊಂಡು ಹೋಗಬೇಕೆಂದಿದ್ದೇನೆ, ತೋರಿಸುತ್ತೀರಾ?" ಎಂದು ಕೇಳಿದರು.

ನಾನು ನಿರುತ್ತರನಾದೆ. ಸೇಡಂ ತಾಲ್ಲೂಕಿನ ಮಳಖೇಡವೇ ಮಾನ್ಯಖೇಟವೆಂದು ನಮ್ಮ ಸೀಮೆಯ ಮಕ್ಕಳೂ ಬಲ್ಲರು. ವಾಡಿಯಿಂದ ಸಿಕಂದರಾಬಾದಿನತ್ತ ಹೋಗುವ ರೈಲಿನಲ್ಲಿ ಚಿತ್ತಾಪುರ ದಾಟಿದ ಮೇಲೆ ಸೇಡಂ ಬರುವುದಕ್ಕೆ ಮೊದಲು ಅದರ ಹೆಸರಿನದೇ ಒಂದು ನಿಲ್ದಾಣವಿದೆ. ಆ ದಾರಿಯಲ್ಲಿ ಎಷ್ಟು ಸಲ ಪ್ರಯಾಣ ಮಾಡಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಬಸ್ಸಿನ ಕಿಟಕಿಯಿಂದ ಕಾಗಿಣಾ ನದಿಯ ದಂಡೆಯ ಕೋಟೆಯ ಗೋಡೆಯನ್ನು ಕಂಡು, ನೃಪತುಂಗನನ್ನು ಮನಸ್ಸಿನಲ್ಲಿ ನೆನೆದು, ಮತ್ತೆ ಕೈಯ ಪುಸ್ತಕಕ್ಕೆ ಮರಳಿದ್ದೇನೆ. ಕವಿರಾಜಮಾರ್ಗವನ್ನು ಇಪ್ಪತ್ತೈದು ವರ್ಷಗಳಿಗೂ ಮೀರಿ ಪಾಠ ಹೇಳಿದವನು ಆ ಊರಿನಲ್ಲಿ ಇಳಿದು ಕೋಟೆಯೊಳಕ್ಕೆ ಕಾಲಿಟ್ಟಿರಲಿಲ್ಲ! ಪಾಠಶಾಲೆಯಲ್ಲಿ ನಮ್ಮ ಗುರುಗಳು ಗ್ರಂಥವನ್ನು ಕಂಠಪಾಠ ಮಾಡಿಸುತ್ತಿದ್ದರು, ಗ್ರಂಥದ ಊರಿಗೆ ಕರೆದೊಯ್ಯುತ್ತಿರಲಿಲ್ಲ. ನಾನೂ ಅದೇ ಪದ್ಧತಿಯಲ್ಲಿ ಬೆಳೆದವನು. ಆದರೆ ಅವರು ದೂರದವರು. ನನಗೆ ಆ ನೆವವೂ ಇರಲಿಲ್ಲ.

ಮರುದಿನ ಹೋದೆವು. ಊರಿನಲ್ಲಿ ತೋರಿಸುವವನೊಬ್ಬನಿದ್ದಾನೆ ಎಂದು ಚಹಾದಂಗಡಿಯವರು ಹೇಳಿ ಕಳುಹಿಸಿದರು. ಬಂದವನು ನಲವತ್ತರ ಆಸುಪಾಸಿನ, ಬಲಗೈಯ ಎರಡು ಬೆರಳು ಮೊಂಡಾದ ಮನುಷ್ಯ. ನನ್ನನ್ನು ಕಂಡವನೇ ಬಾಗಿ ಕಾಲು ಮುಟ್ಟಿ, "ಸರ, ಗುರ್ತು ಸಿಗಲಿಲ್ರೀ? ನಾ ನಿಮ್ಮ ಕೈಯಾಗ ಓದಿದವ" ಎಂದ. ಹೆಸರು ಹೇಳಿದ ಮೇಲೆ ನೆನಪಾಯಿತು. ತಂದೆ ಹಾಸಿಗೆ ಹಿಡಿದಾಗ ಒಂಬತ್ತನೆಯ ತರಗತಿಯಲ್ಲೇ ಶಾಲೆ ಬಿಟ್ಟು ಶಹಾಬಾದಿನ ಕಡೆ ಫರಸಿ ಕಲ್ಲಿನ ಗಣಿಗೆ ಕೂಲಿಗೆ ಹೋದ ಹುಡುಗ. ಇನ್ನೂ ಒಂದು ನೆನಪಾಯಿತು. ಒಂದು ದಿನ ಕಂದಪದ್ಯಕ್ಕೆ ಪ್ರಸ್ತಾರ ಹಾಕಲು ಬಾರದೆ ಕರಿಹಲಗೆಯ ಮುಂದೆ ನಿಂತಿದ್ದ ಅವನಿಗೆ ನಾನು, "ನಿನಗೆ ಕಲ್ಲು ಹೊರುವುದೇ ಸರಿ" ಎಂದಿದ್ದೆ. ತರಗತಿ ನಕ್ಕಿತ್ತು. ಅವನಿಗೂ ಆ ಮಾತು ನೆನಪಿತ್ತೆಂಬುದು ಆಮೇಲೆ ತಿಳಿಯಿತು. ನಗುತ್ತಲೇ ಹೇಳಿದ, ಅವನ ನಗೆಯಲ್ಲಿ ಕಹಿಯಿರಲಿಲ್ಲ. ನನಗೆ ಮಾತ್ರ ಬಿಸಿಲು ಹೆಚ್ಚಾದಂತಾಯಿತು.

ಗಣಿಯಲ್ಲಿ ಬೆರಳು ಹೋದ ಮೇಲೆ ಊರಿಗೆ ಬಂದನಂತೆ. ಕೋಟೆಯನ್ನು ಅಳೆಯಲು ಬಂದ ಸಂಶೋಧಕರಿಗೆ ಅಳತೆಯ ಪಟ್ಟಿ ಹಿಡಿದುಕೊಂಡು ಜೊತೆಯಲ್ಲಿ ತಿರುಗಾಡಿ, ಅವರು ತಮ್ಮೊಳಗೆ ಆಡಿಕೊಂಡದ್ದನ್ನು ಕೇಳಿ ಕೇಳಿ ಕಲಿತನಂತೆ. ಬಂದವರಿಗೆ ತೋರಿಸುತ್ತಾನೆ, ಕೊಟ್ಟವರು ಕೊಡುತ್ತಾರೆ, ಉಳಿದ ದಿನ ತೊಗರಿಯ ಹೊಲದ ಕೆಲಸ.

ಅವನು ತೋರಿಸಿದ ರೀತಿಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನಾನು ದಾರಿಯುದ್ದಕ್ಕೂ ಆ ಎಂಜಿನಿಯರರ ಮಕ್ಕಳಿಗೆ ನೃಪತುಂಗನ ಕೋಟೆ, ನೃಪತುಂಗನ ಕೊತ್ತಲ ಎಂದು ವರ್ಣಿಸುತ್ತ ಬಂದಿದ್ದೆ. ಅವನು ಮಹಾದ್ವಾರದ ಬಳಿ ನಿಂತು, ಇಂದು ಎದ್ದುನಿಂತಿರುವ ಗೋಡೆ ಕೊತ್ತಲಗಳು ಬಹುಮಟ್ಟಿಗೆ ನಂತರದ ಕಾಲದವರು ಕಟ್ಟಿದವೆಂದೂ, ಹಳೆಯ ಗುಡಿ ಬಸದಿಗಳ ಕಲ್ಲು ಅಲ್ಲಲ್ಲಿ ಸೇರಿಕೊಂಡಿವೆಯೆಂದೂ ಹೇಳಿ, ಎರಡು ಕಲ್ಲುಗಳನ್ನು ತಟ್ಟಿ ತೋರಿಸಿದ. ಪದರ ಪದರವಾಗಿ ಏಳುವ ಫರಸಿ ಯಾವುದು, ಉಳಿಯಿಂದ ನಾಲ್ಕೂ ಮುಖ ತಿದ್ದಿದ ಕಲ್ಲು ಯಾವುದು, ಒಂದು ಕಟ್ಟಡಕ್ಕೆಂದು ಕಡೆದ ಕಲ್ಲನ್ನು ಇನ್ನೊಂದಕ್ಕೆ ತಲೆಕೆಳಗಾಗಿ ಇಟ್ಟರೆ ಹೇಗೆ ಗೊತ್ತಾಗುತ್ತದೆ ಎಂಬುದನ್ನು ಗಣಿಯಲ್ಲಿ ದುಡಿದ ಕಣ್ಣು ಬಲ್ಲದು. ಮುಂದೆ ಒಂದೆಡೆ ಬಿದ್ದಿದ್ದ ಕಲ್ಲಿನ ಅಂಚಿನಲ್ಲಿ ಸಾಲಾದ ಗುರುತುಗಳನ್ನು ಕಂಡು ನಾನು ಹಿಗ್ಗಿಹೋದೆ. ಶಾಸನದ ಶೇಷವಿರಬೇಕೆಂದು ಕನ್ನಡಕ ಒರೆಸಿಕೊಂಡು ಬಾಗಿದೆ. ಅವನು ಮೆಲ್ಲಗೆ, "ಸರ, ಅದು ಅಕ್ಷರ ಅಲ್ರೀ. ಬೆಣೆ ಹಾಕಿದ ಗುರ್ತು. ಕಲ್ಲು ಸೀಳಬೇಕಾದ್ರ ಹಿಂಗ ಸಾಲಾಗಿ ತೂತು ಹೊಡೀತಾರ್ರೀ" ಎಂದ. ಪ್ರಸ್ತಾರ ಬಾರದವನು ಹಾಕಿದ ಈ ಪ್ರಸ್ತಾರದ ಮುಂದೆ ಪಂಡಿತನು ಲಘುವಾದನೆಂದು ಹೇಳಿದರೆ ಸಾಕು.

ಎಂಜಿನಿಯರರ ಕಿರಿಯ ಮಗಳು ಸುರಂಗವಿದೆಯೇ ಎಂದು ಕೇಳಿದಳು. ಹಾಳು ಕೋಟೆಯೆಂದ ಮೇಲೆ ಸುರಂಗವಿರಲೇಬೇಕಲ್ಲವೆ? ಬೇರೆ ಕೋಟೆಗಳಲ್ಲಿ ಕಂಡ ಕಿಂಡಿಯನ್ನೆಲ್ಲ ಸುರಂಗವೆಂದೂ, ಕಂಡ ಕಟ್ಟೆಯನ್ನೆಲ್ಲ ರಾಣಿಯ ಸ್ನಾನಗೃಹವೆಂದೂ ಹೇಳಿ ಹಣ ಪಡೆಯುವವರನ್ನು ನಾನು ನೋಡಿದ್ದೇನೆ. ಇವನು, "ಅದ ಅಂತಾರವ್ವಾ. ನಾ ನೋಡಿಲ್ಲ" ಎಂದಷ್ಟೇ ಹೇಳಿದ. ಆ ಉತ್ತರವನ್ನು ಕೇಳಿದಾಗ ನಾನು ತರಗತಿಯಲ್ಲಿ ನೋಡದೆ ಹೇಳಿದ ಎಷ್ಟೋ ಸಂಗತಿಗಳು ಕಣ್ಣಮುಂದೆ ಸುಳಿದವು. ಕವಿರಾಜಮಾರ್ಗವನ್ನು ನೃಪತುಂಗನೇ ಬರೆದನೆಂದು ಅನೇಕ ವರ್ಷ ನಿಸ್ಸಂಶಯವಾಗಿ ಹೇಳಿದ್ದೇನೆ. ಅವನ ಆಸ್ಥಾನದ ಶ್ರೀವಿಜಯನ ಕೃತಿಯೆಂದು ವಿದ್ವಾಂಸರು ಬಹು ಹಿಂದೆಯೇ ವಾದಿಸಿದ್ದರೂ ಪರೀಕ್ಷೆಯಲ್ಲಿ ಗೊಂದಲವಾದೀತೆಂದು ಆ ಚರ್ಚೆಯನ್ನು ಮಕ್ಕಳಿಂದ ಮುಚ್ಚಿಟ್ಟದ್ದೂ ಉಂಟು.

ಊರೊಳಗಿನ ನೇಮಿನಾಥ ಬಸದಿಯನ್ನೂ ಕಂಡೆವು. ಅದರ ನೆರಳಿನಲ್ಲಿ ಕುಳಿತಾಗ ನನ್ನ ಸರದಿ ಬಂದಿತು. ಈ ನೆಲದಲ್ಲಿ ಅಮೋಘವರ್ಷನು ಒಂಬತ್ತನೆಯ ಶತಮಾನದಲ್ಲಿ ಅರುವತ್ತಕ್ಕೂ ಹೆಚ್ಚು ವರ್ಷ ಆಳಿದನೆಂದೂ, ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯನು ಆ ಅರಸನನ್ನು ಕೊಂಡಾಡಿದ್ದಾನೆಂದೂ, ಅರಬ್ಬೀ ಬರಹಗಾರರು ಈ ಊರನ್ನು ಮಾನ್‌ಕೀರ್ ಎಂದು ಕರೆದು ಇಲ್ಲಿಯ ರಾಜನನ್ನು ಹಿಂದೂದೇಶದ ಅತಿ ದೊಡ್ಡ ದೊರೆಯೆಂದು ಬರೆದರೆಂದೂ ಹೇಳಿದೆ. ಮುಮ್ಮಡಿ ಕೃಷ್ಣನು ಪೊನ್ನನಿಗೆ ಉಭಯಕವಿಚಕ್ರವರ್ತಿ ಎಂಬ ಬಿರುದು ಕೊಟ್ಟದ್ದನ್ನೂ, ಪುಷ್ಪದಂತನು ಅಪಭ್ರಂಶದ ಮಹಾಪುರಾಣವನ್ನು ಇಲ್ಲಿಯೇ ಕುಳಿತು 965ರಲ್ಲಿ ಮುಗಿಸಿದ್ದನ್ನೂ ಹೇಳಿದೆ. 972ರಲ್ಲಿ ಮಾಳವದ ಪರಮಾರ ಸೀಯಕನು ಪಟ್ಟಣವನ್ನು ಸೂರೆಗೈದ ಸಂಗತಿ ಬಂದಾಗ ನನಗೆ ಪ್ರಿಯವಾದ ವಿವರವೊಂದನ್ನು ಬಿಡಲಾಗಲಿಲ್ಲ. ಧಾರಾನಗರದ ಧನಪಾಲನೆಂಬವನು ತನ್ನ ತಂಗಿ ಸುಂದರಿಗಾಗಿ ಪ್ರಾಕೃತ ನಿಘಂಟೊಂದನ್ನು ರಚಿಸಿ, ಮಾಳವರು ಮಾನ್ಯಖೇಟವನ್ನು ಕೊಳ್ಳೆ ಹೊಡೆದ ಕಾಲದಲ್ಲಿ ಇದು ರಚಿತವಾಯಿತೆಂದು ಅದರ ಕೊನೆಯಲ್ಲಿ ಕಾಲ ನಮೂದಿಸಿದ್ದಾನೆ. ನಮ್ಮ ಊರು ಉರಿದ ವರ್ಷ ಇನ್ನೊಂದು ಊರಿನಲ್ಲಿ ತಂಗಿಗೊಂದು ಶಬ್ದಕೋಶ ಸಿದ್ಧವಾಯಿತು. ನಮ್ಮ ಮಾರ್ಗದರ್ಶಕ ಬಾಯಿ ತೆರೆದು ಕೇಳುತ್ತಿದ್ದ. ಇಷ್ಟೂ ಮಾತನ್ನು ಅವನಿಗೆ ಅವನದೇ ಊರಿನ ವಿಷಯವಾಗಿ ಯಾರೂ ಹೇಳಿರಲಿಲ್ಲ. ನಾನಂತೂ ಅವನು ತರಗತಿಯಲ್ಲಿದ್ದ ಕಾಲದಲ್ಲಿ ಹೇಳಿರಲಿಲ್ಲ, ಪಠ್ಯದಲ್ಲಿ ಇರಲಿಲ್ಲ.

ಆಮೇಲೆ ಕನ್ನಡ ನಾಡಿನ ಎಲ್ಲೆ ಕಾವೇರಿಯಿಂದ ಗೋದಾವರಿಯವರೆಗೆಂದು ಕವಿರಾಜಮಾರ್ಗ ಹೇಳುವುದನ್ನೂ, ಅದರೊಳಗೆ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಇವುಗಳ ನಡುವಣ ಸೀಮೆಯ ನುಡಿಯೇ ಕನ್ನಡದ ತಿರುಳೆಂದು ಎಣಿಸುವುದನ್ನೂ ವಿವರಿಸಿದೆ. ಅವನು ನಾಲ್ಕು ಹೆಸರನ್ನೂ ಬೆರಳಿನ ಮೇಲೆ ಎಣಿಸಿಕೊಂಡು ಕೇಳಿದ: "ಹಂಗಾದ್ರ ನಮ್ಮೂರು ಯಾಕ ಇಲ್ರೀ ಅದರಾಗ? ರಾಜ ಇದ್ದದ್ದು ಇಲ್ಲಲ್ಲ?"

ಇಷ್ಟು ವರ್ಷ ಪಾಠ ಹೇಳಿದರೂ ಈ ಪ್ರಶ್ನೆ ನನ್ನ ಬುದ್ಧಿಗೆ ಹೊಳೆದಿರಲಿಲ್ಲ. ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರಗಳ ಸೀಮೆಯನ್ನು ತಿರುಳೆಂದು ಕರೆದ ಗ್ರಂಥ, ತನಗೆ ಆಶ್ರಯವಿತ್ತ ರಾಜಧಾನಿಯನ್ನು ಆ ಸಾಲಿನಲ್ಲಿ ಸೇರಿಸಲಿಲ್ಲ. ಅರಸನ ಊರೆಂಬ ದಾಕ್ಷಿಣ್ಯಕ್ಕೆ ಒಳಗಾಗದೆ ಭಾಷೆಯ ವಿಷಯದಲ್ಲಿ ಕಂಡದ್ದನ್ನು ಕಂಡಂತೆ ಹೇಳಿದ ಪ್ರಾಮಾಣಿಕತೆ ಅದೆಂದು ನಾನು ಭಾವಿಸುತ್ತೇನೆ. ಹಲವು ನುಡಿಗಳು ಬೆರೆಯುವ ಸೀಮೆ ನಮ್ಮದು. ಇಂದಿಗೂ ಸೇಡಂ, ಚಿಂಚೋಳಿಗಳ ಸಂತೆಯಲ್ಲಿ ಕನ್ನಡ, ತೆಲುಗು, ಉರ್ದು ಒಂದೇ ತಕ್ಕಡಿಯಲ್ಲಿ ತೂಗುತ್ತವೆ. ಅಂದೂ ಹಾಗೆಯೇ ಇದ್ದಿರಬಹುದೆಂಬುದು ನನ್ನ ಊಹೆ. ಅವನಿಗೆ ಹಾಗೆಂದೇ ಹೇಳಿದೆ, ಊಹೆಯೆಂಬ ಮಾತನ್ನು ಸೇರಿಸಿಯೇ ಹೇಳಿದೆ. ಅಷ್ಟರಮಟ್ಟಿಗೆ ಅವನ ಶಿಷ್ಯತ್ವ ಫಲಿಸಿತ್ತು.

ಹಿಂದಿರುಗುವಾಗ ಹಣದ ಮಾತು ಬಂದಿತು. ಎಂಜಿನಿಯರರು ಸಂಭಾವನೆ ಎಷ್ಟೆಂದು ಕೇಳಿದರು. ಅವನು ನನ್ನನ್ನು ನೋಡಿ, ಸರ್ ಜೊತೆ ಬಂದವರ ಹತ್ತಿರ ಏನು ತೆಗೆದುಕೊಳ್ಳಲಿ ಎಂದು ಹಿಂಜರಿದ. ಅರ್ಧ ದಿನದ ಕೂಲಿಯನ್ನು ಕಳೆದುಕೊಂಡು ಬಂದವನು! ನಮ್ಮ ಜೊತೆಯಲ್ಲಿದ್ದ ಹಿರಿಯರೊಬ್ಬರು, ಅವನದು ಸೇವೆ, ಹಣ ಕೊಟ್ಟು ಅದನ್ನು ಮಾರಾಟದ ಸರಕು ಮಾಡಬಾರದೆಂದು ವಾದಿಸಿದರು. ಈ ಮಾತನ್ನು ನಾನು ಒಪ್ಪಲಾರೆ. ಪುರಾಣ ಹೇಳುವ ಶಾಸ್ತ್ರಿಗೆ ಶಾಲು ಹೊದಿಸಿ ಲಕೋಟೆ ಕೊಡುತ್ತೇವೆ. ಆ ಲಕೋಟೆಯನ್ನು ನಾನೂ ಎಷ್ಟೋ ಸಲ ಮನಸಾರೆ ಸ್ವೀಕರಿಸಿದ್ದೇನೆ. ಕಾಯಕವನ್ನು ಹಾಡಿ ಹೊಗಳುವ ನಾವು ಕಾಯಕ ಮಾಡಿದವನ ಕೂಲಿಯ ಹೊತ್ತಿಗೆ ಸೇವೆಯ ಮಾತನ್ನು ತೆಗೆಯುವುದು ನ್ಯಾಯವಲ್ಲ. ಅವರು 500 ರೂಪಾಯಿ ಕೊಟ್ಟರು. ನಾನು ಹೇಳಿದ ಮೇಲೆ ತೆಗೆದುಕೊಂಡ.

ಆ ರಾತ್ರಿ ಎಂಜಿನಿಯರರು ಮಾಚು ಪಿಚುವಿನ ಇನ್ನೊಂದು ಕಥೆ ಹೇಳಿದರು. ಅಮೆರಿಕದ ಹೈರಮ್ ಬಿಂಗ್‌ಹ್ಯಾಮ್ ಎಂಬ ಉಪನ್ಯಾಸಕ 1911ರ ಜುಲೈ 24ರಂದು ಆ ಹಾಳುಪಟ್ಟಣವನ್ನು ಕಂಡು ಲೋಕಪ್ರಸಿದ್ಧನಾದ. ಅವನಿಗೆ ದಾರಿ ತೋರಿದವನು ಮೆಲ್ಚೋರ್ ಆರ್ತೇಗ ಎಂಬ ಅಲ್ಲಿಯ ರೈತ. ಅವನಿಗೆ ಸಂದದ್ದು ಒಂದು ಬೆಳ್ಳಿಯ ಸೋಲ್ ನಾಣ್ಯ. ಬೆಟ್ಟದ ಮೇಲೆ ಮುಟ್ಟಿದ ಮೇಲೆ ಗೋಡೆಗಳ ನಡುವೆ ಕೈಹಿಡಿದು ನಡೆಸಿದವನು ಅಲ್ಲಿಯೇ ಉತ್ತು ಬಿತ್ತು ಬದುಕಿದ್ದವರ ಮನೆಯ ಹುಡುಗ. ಹುಡುಗನಿಗೆ ಅದು ಹಾಳುಪಟ್ಟಣವೇ ಆಗಿರಲಿಲ್ಲ, ದಿನವೂ ಆಡುವ ಅಂಗಳವಾಗಿತ್ತು. ನಮ್ಮ ಕಡೆಯ ಕಥೆಯೂ ಭಿನ್ನವಲ್ಲ. ಶಾಸನ ಓದಿದವರ ಹೆಸರು ಗ್ರಂಥದಲ್ಲಿದೆ. ಶಾಸನ ಎಲ್ಲಿ ಬಿದ್ದಿದೆಯೆಂದು ತೋರಿದ ದನ ಕಾಯುವವನ ಹೆಸರನ್ನು ಹುಡುಕಿ ನೋಡಿರಿ.

ಎರಡು ವಾರ ಬಿಟ್ಟು ಅವನನ್ನೇ ಕರೆದುಕೊಂಡು ಚಿತ್ತಾಪುರದ ಬಳಿಯ ನಾಗಾವಿಗೆ ಹೋದೆ. ಈ ಸಲ ಸಂಭಾವನೆಯನ್ನು ಮೊದಲೇ ಮಾತಾಡಿಕೊಂಡಿದ್ದೆ. ಶಾಲೆಯೊಂದರ ಸಂಪುಟದಲ್ಲಿ ನಾಗಾವಿಯ ವಿಷಯ ಬರೆಯದಿರುವುದು ಅಪರಾಧವೇ ಸರಿ. ಕಲ್ಯಾಣದ ಚಾಲುಕ್ಯ ತ್ರೈಲೋಕ್ಯಮಲ್ಲ ಸೋಮೇಶ್ವರನ ಕಾಲದ 1058ರ ಶಾಸನವು ಅಲ್ಲಿಯ ಘಟಿಕಾಶಾಲೆಯನ್ನು ವರ್ಣಿಸುತ್ತದೆ. ದಂಡನಾಯಕ ಮಧುಸೂದನನ ಧರ್ಮಕಾರ್ಯವದು. ವೇದ ಓದುವ 200 ವಿದ್ಯಾರ್ಥಿಗಳು, ಶಾಸ್ತ್ರ ಓದುವ 52 ವಿದ್ಯಾರ್ಥಿಗಳು, ಅವರಿಗೆ ಉಪಾಧ್ಯಾಯರು, ಇವೆಲ್ಲಕ್ಕೂ ಭೂಮಿಯ ದತ್ತಿ. ಅದಕ್ಕಿಂತ ನನ್ನನ್ನು ಮುಟ್ಟಿದ್ದು, ಆ ಶಾಲೆಯಲ್ಲಿ ಸರಸ್ವತೀ ಭಂಡಾರಿಗರು ಆರು ಮಂದಿ ಇದ್ದರೆಂಬ ಮಾತು. ಪುಸ್ತಕ ಕಾಯಲು ಆರು ಜನ! ನಮ್ಮ ಶಾಲೆಯ ಪುಸ್ತಕ ಭಂಡಾರದ ಬೀಗದ ಕೈ ದೈಹಿಕ ಶಿಕ್ಷಕರ ಬಳಿ ಇರುತ್ತದೆ. ಅವರು ಸಜ್ಜನರು, ಆದರೆ ಅವರು ಮೈದಾನದಲ್ಲಿರುವಾಗ ಪುಸ್ತಕ ಯಾರಿಗೂ ಸಿಗುವುದಿಲ್ಲ. ಆ ಶಾಸನವೂ ಒಂದು ಬಗೆಯ ದಾನಿಗಳ ಪಟ್ಟಿಯೇ ಎಂಬುದನ್ನು ಈ ಸಂಪುಟದ ಕೊನೆಯ ಪುಟಗಳಲ್ಲಿ ತಮ್ಮ ಹೆಸರು ಕಾಣುವ ಮಹನೀಯರು ಗಮನಿಸಬೇಕು. ಕೊಟ್ಟದ್ದು ಯಾವ ಕೆಲಸಕ್ಕೆ ಎಂಬುದನ್ನು ಬಿಡಿಸಿ ಬರೆದದ್ದರಿಂದ ಒಂಬೈನೂರು ವರ್ಷಗಳ ಮೇಲೂ ನಮಗೆ ಗ್ರಂಥಪಾಲಕರ ಸಂಖ್ಯೆ ಗೊತ್ತಾಗುತ್ತದೆ.

ಅರವತ್ತು ಕಂಬದ ಗುಡಿಯಲ್ಲಿ ನಾನು ಶಾಸನದ ಮಾತು ಹೇಳಿದೆ, ಅವನು ಕಂಬದ ಮಾತು ಹೇಳಿದ. ಇಬ್ಬರೂ ಸೇರಿದಾಗಲೇ ಆ ಜಾಗ ಕಣ್ಣಿಗೆ ಕಟ್ಟಿತು. ಒಬ್ಬನೇ ಬಂದಿದ್ದರೆ ನನಗೆ ಅಲ್ಲಿ ಬೆಣೆಯ ಗುರುತುಗಳೇ ಅಕ್ಷರಗಳಾಗಿ ಕಾಣುತ್ತಿದ್ದವು.

ಇದರಿಂದ ನನಗೆ ತೋರಿದ್ದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ನಮ್ಮ ಶಾಲೆ ವರ್ಷಕ್ಕೊಮ್ಮೆ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುತ್ತದೆ. ಹಂಪಿ, ಬಾದಾಮಿ, ವಿಜಯಪುರ ಎಲ್ಲವೂ ಆಗಿವೆ, ಆಗಲೇಬೇಕು. ಆದರೆ ಮಳಖೇಡ, ನಾಗಾವಿ, ಭೀಮೆಯ ದಂಡೆಯ ಸನ್ನತಿಗಳಿಗೆ ನಮ್ಮ ವಾಹನ ಹೋಗಿಲ್ಲ. ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ 1986ರಲ್ಲಿ ಅಶೋಕನ ಶಾಸನ ದೊರೆತದ್ದು ನಮ್ಮ ಚಿತ್ತಾಪುರ ತಾಲ್ಲೂಕಿನಲ್ಲಿ. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಆ ಚಕ್ರವರ್ತಿಯ ಹೆಸರನ್ನೇ ಕೆತ್ತಿದ ಶಿಲ್ಪ ಸಿಕ್ಕಿದ್ದನ್ನು ಕಾಣಲು ದೂರದ ದೇಶಗಳ ವಿದ್ವಾಂಸರು ಬಂದಿದ್ದಾರೆ. ಶಹಾಬಾದಿನ ನಮ್ಮ ಮಕ್ಕಳು ಬಂದಿಲ್ಲ. ಸರಕಾರ ಮಾಡಲಿ ಎಂಬ ಉತ್ತರವನ್ನು ನಾನು ನಿರೀಕ್ಷಿಸುತ್ತೇನೆ. ಗೋಡೆ ಬಿದ್ದರೆ ಕಟ್ಟುವುದು, ಫಲಕ ನೆಡುವುದು ಸರಕಾರದ ಕೆಲಸ ನಿಜ. ಆದರೆ ಊರಿನ ಒಬ್ಬ ಮನುಷ್ಯನಿಗೆ ಊರಿನ ಕಥೆಯನ್ನು ಸರಿಯಾಗಿ ಕಲಿಸಿ, ಅದನ್ನು ಹೇಳಿದ್ದಕ್ಕೆ ಮರ್ಯಾದೆಯ ಕೂಲಿ ಕೊಡುವುದಕ್ಕೆ ಯಾವ ಇಲಾಖೆಯ ಅಪ್ಪಣೆಯೂ ಬೇಕಾಗಿಲ್ಲ.

ಒಂದು ಆಕ್ಷೇಪಣೆಯಲ್ಲಿ ತಥ್ಯವಿದೆ. ಹಣ ಬಂದರೆ ಕಥೆಯೂ ಬೆಳೆಯುತ್ತದೆ. ಇಂದು ನೋಡಿಲ್ಲವೆಂದವನು ನಾಳೆ ಸುರಂಗವನ್ನು ತೋರಿಸಿಯಾನು. ಅದಕ್ಕೆ ಪರಿಹಾರ ಹಣವನ್ನು ತಡೆಯುವುದಲ್ಲ. ನಮ್ಮಂಥವರು ಜೊತೆಗಿದ್ದು ಓದಿದ್ದನ್ನು ಕೊಟ್ಟು, ಅವನು ಕಂಡದ್ದನ್ನು ಪಡೆಯಬೇಕು. ವಾಡಿ, ಸೇಡಂ, ಮಳಖೇಡಗಳ ಸಿಮೆಂಟು ಕಾರ್ಖಾನೆಗಳ ಸುತ್ತ ಈ ಸೀಮೆಯ ಸುಣ್ಣಕಲ್ಲು ದಿನವೂ ಪುಡಿಯಾಗುತ್ತಿದೆ, ಅದರಿಂದ ಸಾವಿರಾರು ಮನೆಗಳ ಒಲೆ ಉರಿಯುತ್ತಿವೆ. ಅದನ್ನು ಹಳಿಯಲು ನಾನು ಸಿದ್ಧನಿಲ್ಲ, ನನ್ನ ಮನೆಯ ನೆಲವೂ ಶಹಾಬಾದಿ ಫರಸಿಯದೇ. ಅದೇ ಕಲ್ಲಿನ ಇನ್ನೊಂದು ಬಗೆಯ ಬೆಲೆಯನ್ನು ಬಲ್ಲವರು ನಾಲ್ಕಾರು ಮಂದಿಯಾದರೂ ಇರಲಿ ಎಂದಷ್ಟೇ ನನ್ನ ಕೋರಿಕೆ.

ಮುಖ್ಯೋಪಾಧ್ಯಾಯರೊಡನೆ ಮಾತಾಡಿದ್ದೇನೆ. ಮಳೆಗಾಲದಲ್ಲಿ ಕಾಗಿಣಾ ತುಂಬಿ ದಂಡೆಯ ದಾರಿ ಕೆಸರಾಗುವುದರಿಂದ, ಸುಗ್ಗಿ ಮುಗಿದ ಮೇಲೆ ಮಾಘಮಾಸದಲ್ಲಿ ಒಂಬತ್ತನೆಯ ತರಗತಿಯ ಮಕ್ಕಳನ್ನು ಎರಡು ತಂಡವಾಗಿ ಮಳಖೇಡಕ್ಕೆ ಕರೆದೊಯ್ಯುವುದೆಂದು ನಿಶ್ಚಯವಾಗಿದೆ. ಒಂದು ತಂಡ ಬೆಳಿಗ್ಗೆ ನನ್ನ ಪಾಠ ಕೇಳಿ ಮಧ್ಯಾಹ್ನ ಅವನೊಡನೆ ತಿರುಗುತ್ತದೆ, ಇನ್ನೊಂದು ತಂಡ ಅವನೊಡನೆ ಮೊದಲು ತಿರುಗಿ ಆಮೇಲೆ ನನ್ನ ಬಳಿ ಬರುತ್ತದೆ. ಯಾವ ತಂಡ ಹೆಚ್ಚು ಪ್ರಶ್ನೆ ಕೇಳುತ್ತದೆಯೋ ನೋಡಬೇಕೆಂಬ ಕುತೂಹಲ ನನಗಿದೆ. ಅವನಿಗೆ ಎರಡೂ ದಿನದ ಗೌರವಧನವನ್ನು ಶಾಲೆಯ ಹೆಸರಿನಲ್ಲಿಯೇ, ಹಾಜರಿ ಪುಸ್ತಕದಲ್ಲಿ ಅತಿಥಿ ಉಪಾಧ್ಯಾಯನೆಂದು ಬರೆದು ಕೊಡಬೇಕೆಂದು ಕೇಳಿಕೊಂಡಿದ್ದೇನೆ. ಮೊದಲ ವರ್ಷದ ಹಣವನ್ನು ನಾನು ಕಟ್ಟಿದ್ದೇನೆ. ಮುಂದಿನ ವರ್ಷಗಳಿಗೆ ಮನಸ್ಸುಳ್ಳವರಿಗಾಗಿ ರಸೀದಿ ಪುಸ್ತಕ ಕಚೇರಿಯಲ್ಲಿದೆ.